ಹಿತ್ತಿಲ ಅಕ್ವಾಪೋನಿಕ್ಸ್‌ಗೆ ಯಾವ ಮೀನು? ನಮ್ಮ ಕರಾವಳಿಗೆ ನಾನು ಹೇಳುದು ಇರ್ಪೆ (ಕರಿಮೀನು)

ಅಕ್ವಾಪೋನಿಕ್ಸ್ ಅಂದ್ರೆ ಮೀನಿನ ಟ್ಯಾಂಕಿನ ನೀರನ್ನೇ ಗಿಡದ ಬೆಡ್‌ಗೆ ಹರಿಸಿ, ಅಲ್ಲಿಂದ ವಾಪಸ್ ಟ್ಯಾಂಕಿಗೆ ಬಿಟ್ಟು, ಮೀನು ಗಿಡ ಎರಡನ್ನೂ ಒಟ್ಟಿಗೆ ಬೆಳೆಸುದು. ಟ್ಯಾಂಕ್ ತಂದಾಗಿದೆ, ಪೈಪ್ ಜೋಡಿಸಿ ಆಗಿದೆ, ಜಲ್ಲಿ ಬೆಡ್‌ನಲ್ಲಿ ಬಸಳೆ ನೆಟ್ಟೂ ಆಗಿದೆ, ಇನ್ನು ಮೀನು ಯಾವುದು ಹಾಕುದು ಅಂತ ಎಲ್ರೂ ಕೊನೆಗೆ ಕೇಳ್ತಾರೆ. ಅದು ಮೊದ್ಲು ಕೇಳ್ಬೇಕಾದ ಪ್ರಶ್ನೆ ಮಾರಾಯ್ರೆ. ಟ್ಯಾಂಕ್ ಎಷ್ಟು ದೊಡ್ಡದು ಬೇಕು, ಕರೆಂಟ್ ಹೋದ್ರೆ ಎಷ್ಟು ಹೊತ್ತು ತಡೀತದೆ, ಫೀಡ್‌ಗೆ ಎಷ್ಟು ಖರ್ಚು, ಎಲ್ಲ ಮೀನಿನ ಮೇಲೆಯೇ ನಿಂತಿರುದು.

ನಮ್ಮ ಮನೆ ಕಟಪಾಡಿ ಹತ್ರ. ಹಿತ್ತಿಲು ಮುಗಿದ್ರೆ ಗದ್ದೆ, ಗದ್ದೆ ಬದಿಯಲ್ಲಿ ತೋಡು, ಆ ತೋಡು ಹೋಗಿ ಸೇರುದು ಉದ್ಯಾವರ ಹೊಳೆಗೆ. ಜೂನ್ ಜುಲೈಯಲ್ಲಿ ಒಂದು ರಾತ್ರಿ ಜೋರು ಮಳೆ ಹೊಡೆದ್ರೆ ಟ್ಯಾಂಕ್ ತುಂಬಿ ಮೇಲಿಂದ ಚೆಲ್ತದೆ, ಟ್ಯಾಂಕಿನಲ್ಲಿ ಇದ್ದದ್ದು ಬೆಳಗಾಗುವಾಗ ತೋಡಿನಲ್ಲಿ. ನಿಮ್ಮದು ಸುರತ್ಕಲ್ ಆಗ್ಲಿ ಬ್ರಹ್ಮಾವರ ಆಗ್ಲಿ ಕತೆ ಇದೇ. ಹಾಗಾಗಿ ನಾನು ಮೀನು ಆರಿಸುವಾಗ ಮೂರೇ ಪ್ರಶ್ನೆ ಕೇಳುದು. ಇದು ಹೊಳೆಗೆ ಹೋದ್ರೆ ಹೊಳೆಗೆ ಎಂತ ಆಗ್ತದೆ, ಅಂದ್ರೆ ಕಾನೂನು ಇದನ್ನು ಸಾಕ್ಲಿಕ್ಕೆ ಬಿಡ್ತದಾ? ಇದು ನನ್ನ ಟ್ಯಾಂಕಿನಲ್ಲೇ ಮರಿ ಮಾಡ್ತದಾ? ಮನೆಯವರು ಇದನ್ನು ತಿಂತಾರಾ?

ಮೊದಲನೇ ಪ್ರಶ್ನೆಯನ್ನು ನಾನು ಕಷ್ಟಪಟ್ಟೇ ಕಲಿತದ್ದು. ಶುರು ಮಾಡಿದ ವರ್ಷ ಒಬ್ರು ಮರಿ ಮಾರುವವರು ಇದು ಊರಿನ ಮುಗುಡು, ಗಟ್ಟಿ ಜೀವ, ಗಾಳಿ ಇಲ್ಲದಿದ್ರೂ ಸಾಯುದಿಲ್ಲ ಅಂತ 50 ಮರಿ ಕೊಟ್ರು. ನಾನು ಖುಷಿಯಲ್ಲಿ ತಂದು ಬಿಟ್ಟೆ. ಮೂರು ತಿಂಗಳು ಆಗುವಾಗ ಒಂದೊಂದೂ ಮೊಳಕೈ ಉದ್ದಕ್ಕೆ ಬಂದಿತ್ತು, ತಲೆ ಅಗಲ ಚಪ್ಪಟೆ, ಮೈಮೇಲೆ ಮಾರ್ಬಲ್ ಕಲ್ಲಿನ ಹಾಗೆ ಬೂದು ಕಪ್ಪು ಮಚ್ಚೆ, 50ರಲ್ಲಿ ಉಳಿದದ್ದು 20 ಚಿಲ್ಲರೆ, ಬಾಕಿಯದ್ದನ್ನು ಅವೇ ತಿಂದು ಮುಗಿಸಿದ್ವು. ಗೊತ್ತಿದ್ದವರಿಗೆ ಫೋಟೋ ತೋರಿಸಿದಾಗ ಹೇಳಿದ್ರು, ಇದು ಆಫ್ರಿಕನ್ ಕ್ಯಾಟ್‌ಫಿಶ್, ಕೆಲವು ಕಡೆ ಥಾಯ್ ಮಾಗುರ್ ಅಂತ ಮಾರ್ತಾರೆ. ಕೇಂದ್ರ ಸರ್ಕಾರ 2000ದಲ್ಲೇ ಇದನ್ನು ನಿಷೇಧ ಮಾಡಿದೆ, 2019ರಲ್ಲಿ ಹಸಿರು ನ್ಯಾಯಮಂಡಳಿ ಇದ್ದ ಮೀನನ್ನೂ ನಾಶ ಮಾಡ್ಬೇಕು ಅಂತ ಹೇಳಿದೆ. ಪಾಪ ಅಂತ ತೋಡಿಗೆ ಬಿಟ್ಟಿದ್ರೆ ನಮ್ಮ ನಿಜವಾದ ಮುಗುಡು, ಮಡೆಂಜಿ ಮೀನಿನ ಮರಿ, ಕಪ್ಪೆ ಎಲ್ಲ ಅದರ ಹೊಟ್ಟೆಗೆ. ಎಲ್ಲವನ್ನೂ ಕೊಂದು ಹೊಂಡ ತೆಗೆದು ಸುಣ್ಣ ಹಾಕಿ ಹೂತೆ. ಆ ದಿನ ಊಟ ಸೇರ್ಲಿಲ್ಲ. ನಿಮಗೂ ಸಿಕ್ಕಿದ್ರೆ ಹಾಗೇ ಮಾಡಿ, ದಯವಿಟ್ಟು ಹೊಳೆಗೆ ಬಿಡ್ಬೇಡಿ, ಇನ್ನೊಬ್ರಿಗೆ ಕೊಡ್ಲೂ ಬೇಡಿ. ಬಿಗ್‌ಹೆಡ್ ಕಾರ್ಪ್ ಅಂತ ದೊಡ್ಡ ತಲೆಯ ಗೆಂಡೆ ಒಂದುಂಟು, ಅದೂ ನಿಷೇಧದ ಪಟ್ಟಿಯಲ್ಲೇ ಇರುದು.

ಈಗ ತಿಲಾಪಿಯಾ ವಿಷಯ, ಯಾಕಂದ್ರೆ ಯೂಟ್ಯೂಬ್‌ನಲ್ಲಿ ಅಕ್ವಾಪೋನಿಕ್ಸ್ ಅಂತ ಹಾಕಿದ್ರೆ ಹತ್ತರಲ್ಲಿ ಒಂಬತ್ತು ವಿಡಿಯೋ ಅದೇ. ನಮ್ಮ ಕಡೆ ಜಿಲೇಬಿ ಅಂತಾರಲ್ಲ, ಅದರಲ್ಲಿ ಮೊಸಾಂಬಿಕ್ ಜಾತಿ 1952ರಲ್ಲಿ ದೇಶಕ್ಕೆ ಬಂದದ್ದು, ಕೆರೆಕೆರೆಗೆ ಹಬ್ಬಿ ಊರಿನ ಮೀನಿಗೆ ಜಾಗ ಇಲ್ಲದ ಹಾಗೆ ಆಗ್ತದೆ ಅಂತ 1959ರಲ್ಲೇ ಅದನ್ನು ಹರಡುದಕ್ಕೆ ತಡೆ ಹಾಕಿದ್ರು. ಈಗ ಗಿಫ್ಟ್ ಅಂತ ಸುಧಾರಿಸಿದ ನೈಲ್ ತಿಲಾಪಿಯಾ ಸಾಕ್ಲಿಕ್ಕೆ ಅವಕಾಶ ಉಂಟು, ಆದ್ರೆ ಶರತ್ತಿನ ಮೇಲೆ. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಮಾಡ್ಬೇಕು, ಅನುಮತಿ ಇರುವ ಹ್ಯಾಚರಿಯಿಂದಲೇ ಮರಿ ತರ್ಬೇಕು, ಮರಿ ಬರೀ ಗಂಡು ಇಲ್ಲಾ ಸಂತಾನ ಆಗದ್ದು ಇರ್ಬೇಕು, ನೀರು ಹೊರಗೆ ಹೋಗುವಲ್ಲಿ ಬಲೆ ಬೇಕು. ಅಂದ್ರೆ ತಿಲಾಪಿಯಾ ಸಾಕ್ಬಹುದು, ಮನೆಯಲ್ಲಿ ಮರಿ ಮಾಡಿಸ್ಲಿಕ್ಕೆ ಇಲ್ಲ. ಮರಿ ಬೇಕು ಅಂತ ಇರುವವರಿಗೆ ಅದು ಸರಿಯಾದ ಮೀನಲ್ಲ, ನಾನಂತೂ ಆ ಕಡೆಗೇ ಹೋಗ್ಲಿಲ್ಲ.

ಹಾಗಾದ್ರೆ ರೋಹು ಕಾಟ್ಲಾ? ಕಾನೂನಿನ ತೊಂದ್ರೆ ಇಲ್ಲ, ಮರಿ ಅಗ್ಗ. ಆದ್ರೆ ನಿಂತ ನೀರಿನಲ್ಲಿ ಮೊಟ್ಟೆ ಇಡುದಿಲ್ಲ, ಅವಕ್ಕೆ ಮಳೆಗಾಲದ ತುಂಬಿದ ಹೊಳೆ ಬೇಕು. ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸುದನ್ನು 1957ರ ಜುಲೈ 10ಕ್ಕೆ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರ ತಂಡ ಮೊದ್ಲು ಸಾಧಿಸಿದ್ದು, ಆ ದಿನವನ್ನೇ ಈಗ ಮೀನು ಕೃಷಿಕರ ದಿನ ಅಂತ ಆಚರಿಸುದು. ಅದು ಹ್ಯಾಚರಿ ಕೆಲಸ, ಹಿತ್ತಿಲಲ್ಲಿ ಆಗುದಲ್ಲ. ಮತ್ತೆ ಸಾವಿರ ಲೀಟರ್ ಟ್ಯಾಂಕಿನಲ್ಲಿ ಕಾಟ್ಲಾ ಸಾಕುದು ಅದಕ್ಕೂ ಕಷ್ಟ.

ಸ್ವಂತ ಮರಿ ಯಾಕೆ ಅಂತೀರಾ? ಪ್ರತಿ ವರ್ಷ ದೂರದಿಂದ ಆಕ್ಸಿಜನ್ ಪ್ಯಾಕೆಟ್‌ನಲ್ಲಿ ಮರಿ ತರ್ಬೇಕು, ದಾರಿಯಲ್ಲಿ ಸತ್ತದ್ದು ಸತ್ತಿತು, ಉಳಿದದ್ದರಲ್ಲಿ ಯಾವ ಮೀನು ಬೆರಕೆ ಆಗಿದೆ ಅಂತ ಬೆರಳುದ್ದ ಮರಿ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಮನೆಯಲ್ಲೇ ಆದ ಮರಿಯ ಅಪ್ಪ ಅಮ್ಮ ನಿಮ್ಮ ಕಣ್ಣೆದುರೇ ಇರ್ತಾರೆ.

ಇನ್ನು ಇರ್ಪೆ. ಉತ್ತರ ಕನ್ನಡದವರು ಕಾಗಳಸಿ ಅಂತಾರೆ, ಕೇರಳದವರಿಗೆ ಕರಿಮೀನು, ಅವರ ರಾಜ್ಯ ಮೀನು ಅದು, ಇಂಗ್ಲಿಷ್‌ನಲ್ಲಿ ಪರ್ಲ್ ಸ್ಪಾಟ್. ನೇತ್ರಾವತಿ, ಶಾಂಭವಿ, ಸ್ವರ್ಣಾ, ಸೀತಾ, ಎಲ್ಲ ಹೊಳೆಯ ಅಳಿವೆ ಹತ್ರ ಸಿಗುವ ನಮ್ಮದೇ ಮೀನು, ಆದ್ರಿಂದ ಒಂದು ವೇಳೆ ತೋಡಿಗೆ ಹೋದ್ರೂ ಅದು ಹೋಗುದು ಅದರ ತವರಿಗೆ. ಉಪ್ಪು ನೀರಿಗೂ ಸೈ, ಪೂರ್ತಿ ಸಿಹಿ ನೀರಿಗೂ ಸೈ. ಪಾಚಿ, ಹಸಿರು, ಫೀಡ್ ಎಲ್ಲ ತಿಂತದೆ. ಬೆಳವಣಿಗೆ ನಿಧಾನ ಅನ್ನುದೊಂದೇ ಕೊರತೆ, ಎಂಟು ಹತ್ತು ತಿಂಗಳಿಗೆ 120-150 ಗ್ರಾಂ ಬಂದ್ರೆ ಚೆನ್ನಾಗಿ ಬಂತು ಅಂತ ಲೆಕ್ಕ. ಆದ್ರೆ ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿಯುವ ಮೀನಿಗೆ ಅದೇ ಸರಿಯಾದ ಸೈಜ್, ಬಂಗುಡೆ ತಿಂದು ಬೆಳೆದ ನಮ್ಮ ಮನೆಯವರು ಸಿಹಿನೀರಿನ ಮೀನು ಅಂದ್ರೆ ಮೂಗು ಮುರಿಯುವವರು ಇದನ್ನು ಮಾತ್ರ ಕೇಳಿ ಹಾಕಿಸ್ಕೊಳ್ತಾರೆ.

ತರುವಾಗ ಒಂದು ಜಾಗ್ರತೆ. ಅಳಿವೆಯಿಂದ ಹಿಡಿದ ಮೀನು ಆದ್ರೆ ಉಪ್ಪು ನೀರಿನದ್ದು, ಸೀದಾ ಬಾವಿ ನೀರಿಗೆ ಹಾಕ್ಬೇಡಿ. ಬೇರೆ ಡ್ರಮ್‌ನಲ್ಲಿ ಇಟ್ಟು ನಾಲ್ಕೈದು ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಸಿಹಿ ನೀರು ಸೇರಿಸ್ತಾ ಬನ್ನಿ, ಗಾಯ ಬೂಸ್ಟು ಉಂಟಾ ಅಂತಲೂ ಆಗ ಗೊತ್ತಾಗ್ತದೆ. ಡ್ರಮ್ಮಿನ ಉಪ್ಪು ನೀರು ಗಿಡದ ಬೆಡ್‌ಗೆ ಬರ್ಬಾರ್ದು. ಮತ್ತೆ ಇರ್ಪೆಯ ಸಣ್ಣ ತಮ್ಮನ ಹಾಗೆ ಕಾಣುವ ಕೆನರಾ ಪರ್ಲ್ ಸ್ಪಾಟ್ ಅಂತ ಒಂದುಂಟು, ದಕ್ಷಿಣ ಕನ್ನಡ ಕಡೆಯ ಹೊಳೆ ಬಿಟ್ರೆ ಹೆಚ್ಚು ಕಡೆ ಇಲ್ಲ, ಅಳಿವಿನಂಚಿನ ಮೀನು, ಕಂಡ್ರೆ ಹೊಳೆಯಲ್ಲೇ ಇರ್ಲಿ ಬಿಡಿ. ಶಿಶಿಲದಂಥ ದೇವಸ್ಥಾನದ ಮತ್ಸ್ಯತೀರ್ಥದ ಮೀನು ದೇವರ ಮೀನು, ಮುಟ್ಬಾರ್ದು ಅಂತ ನಾನು ಹೇಳ್ಬೇಕಾಗಿಲ್ಲ.

ಮರಿ ಮಾಡಿಸುದು ಹೇಗೆ ಅಂದ್ರೆ, ಇರ್ಪೆಯಲ್ಲಿ ಹೊರಗಿಂದ ನೋಡಿ ಗಂಡು ಹೆಣ್ಣು ಹೇಳುದು ಕಷ್ಟ, ಹಾಗಾಗಿ ಒಂದು ಗಂಡು ಒಂದು ಹೆಣ್ಣು ಕೊಡಿ ಅಂತ ಕೇಳಿದ್ರೆ ಆಗುದಿಲ್ಲ. ಬೆಳೆದ ಎಂಟು ಹತ್ತು ಮೀನು ಒಟ್ಟಿಗೆ ಬಿಡಿ, ಜೋಡಿ ಅವೇ ಹುಡುಕ್ಕೊಳ್ತವೆ. ಒಂದು ಮೂಲೆ ಹಿಡ್ಕೊಂಡು ಬೇರೆಯವನ್ನು ಹತ್ರ ಬರ್ಲಿಕ್ಕೆ ಬಿಡದ ಎರಡು ಮೀನು ಕಂಡ್ರೆ ಅದೇ ಜೋಡಿ. ಬಾಕಿಯವನ್ನು ತೆಗೆದು ಬೇರೆ ಟ್ಯಾಂಕಿಗೆ ಹಾಕಿ, ಜೋಡಿಯನ್ನು ಅಲ್ಲಾಡಿಸ್ಬೇಡಿ. ಮೊಟ್ಟೆ ಅಂಟಿಸ್ಲಿಕ್ಕೆ ಅವಕ್ಕೆ ಗಟ್ಟಿ ಮೇಲ್ಮೈ ಬೇಕು, ನಾನು ಹಳೆ ಮಂಗಳೂರು ಹೆಂಚನ್ನು ಪಾಚಿ ಉಜ್ಜಿ ತೆಗೆದು ಒಂದು ವಾರ ನೀರಲ್ಲಿ ನೆನೆಸಿ ಟ್ಯಾಂಕಿನ ಗೋಡೆಗೆ ಒರಗಿಸಿ ಇಡ್ತೇನೆ. ಪಕ್ಕದಲ್ಲೇ ಅಗಲದ ಮಣ್ಣಿನ ಚಟ್ಟಿಯಲ್ಲಿ ನಾಲ್ಕು ಇಂಚು ಹೊಳೆ ಮರಳು.

ಮೊಟ್ಟೆ ಇಡುವ ಮೊದ್ಲು ಎರಡೂ ಸೇರಿ ಹೆಂಚನ್ನು ಬಾಯಲ್ಲಿ ಕುಟ್ಟಿ ಕುಟ್ಟಿ ಕ್ಲೀನ್ ಮಾಡ್ತವೆ, ಒಂದು ಕೈಯಗಲದ ಜಾಗ ಕೆಂಪಗೆ ಹೊಳೀಲಿಕ್ಕೆ ಶುರುವಾದ್ರೆ ಕ್ಯಾಮೆರಾ ತೆಗೆದಿಡಿ. ಮರುದಿನ ನೋಡಿದ್ರೆ ಹೆಂಚಿನ ಮೇಲೆ ರಾಗಿ ಕಾಳಿನ ಹಾಗೆ ಕಂದು ಬಣ್ಣದ ಮೊಟ್ಟೆ, ಒಂದೊಂದಕ್ಕೂ ಸಣ್ಣ ತೊಟ್ಟು, ನೂರಾರು. ಒಂದು ಮೀನು ರೆಕ್ಕೆಯಲ್ಲಿ ಗಾಳಿ ಬೀಸ್ತಾ ಇದ್ರೆ ಇನ್ನೊಂದು ಕಾವಲು, ಸ್ವಲ್ಪ ಹೊತ್ತಿಗೆ ಅದಲು ಬದಲು. ಬೆಳ್ಳಗೆ ಆದ ಮೊಟ್ಟೆ ಸತ್ತದ್ದು, ಅದನ್ನು ಅವೇ ಹೆಕ್ಕಿ ತೆಗೀತವೆ. ಮೂರು ದಿನ ಕಳೆದು ನಾಲ್ಕನೇ ದಿನದ ಹೊತ್ತಿಗೆ ಮೊಟ್ಟೆ ಒಡೆದು ಮರಿ ಬರ್ತದೆ, ಅಪ್ಪ ಅಮ್ಮ ಅವನ್ನು ಬಾಯಲ್ಲಿ ಎತ್ತಿ ಆ ಮರಳಿನ ಚಟ್ಟಿಯಲ್ಲಿ ತೋಡಿದ ಗುಳಿಗೆ ಸಾಗಿಸ್ತವೆ. ಮೊದಲ ಸಲ ಇದನ್ನು ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಒಳಗಿಂದ ಊಟಕ್ಕೆ ಕರೆದದ್ದೂ ಕೇಳ್ಲಿಲ್ಲ.

ಈ ಹೊತ್ತಿನಲ್ಲಿ ಮಾಡ್ಬೇಕಾದ್ದು ಸ್ವಲ್ಪವೇ. ಪಂಪಿನ ಬಾಯಿಗೆ ಸ್ಪಂಜ್ ಕಟ್ಟಿ, ಇಲ್ಲದಿದ್ರೆ ಮರಿ ಎಲ್ಲ ಬೆಡ್‌ಗೆ ಹೋಗಿ ಸಾಯ್ತವೆ. ಬಕೆಟ್‌ನಲ್ಲಿ ಬಿಸಿಲಿಗೆ ಇಟ್ಟ ಹಸಿರು ನೀರು ದಿನಕ್ಕೆ ಎರಡು ಸಲ ಹಾಕಿ, ಅದರ ಸೂಕ್ಷ್ಮ ಜೀವಿಗಳೇ ಮೊದಲ ಆಹಾರ, ಆಮೇಲೆ ಪುಡಿ ಫೀಡ್. ಅಕ್ವೇರಿಯಂ ಅಂಗಡಿಯ ಆರೆಂಜ್ ಕ್ರೋಮೈಡ್ ಚಂದ ಉಂಟು ಅಂತ ಅದೇ ಟ್ಯಾಂಕಿಗೆ ಬಿಡ್ಬೇಡಿ, ಅದು ಇರ್ಪೆಯ ಮೊಟ್ಟೆ ಮರಿಯನ್ನೇ ತಿನ್ನುದು.

ಇಷ್ಟು ತಾಳ್ಮೆ ಇಲ್ಲ, ಬೇಗ ತೂಕ ಬೇಕು ಅನ್ನುವವರು ಸಾಮಾನ್ಯ ಗೆಂಡೆ, ಅದರಲ್ಲೂ ಅಮೂರ್ ತಳಿ ನೋಡ್ಬಹುದು. ಹಂಗೇರಿ ಮೂಲದ್ದು, ನಮ್ಮ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ತುಂಬಾ ಕೆಲಸ ಆಗಿದೆ. ನಿಂತ ನೀರಿನಲ್ಲೇ ಮೊಟ್ಟೆ ಇಡ್ತದೆ, ಇಂಜೆಕ್ಷನ್ ಬೇಡ. ಒಂದು ಹೆಣ್ಣಿಗೆ ಎರಡು ಗಂಡು ಬಿಟ್ಟು ನೀರಿನ ಕಳೆ, ಹೈಡ್ರಿಲ್ಲಾ ಅಥವಾ ತೆಂಗಿನ ನಾರಿನ ಕಟ್ಟು ಹಾಕಿದ್ರೆ ಅದಕ್ಕೆ ಅಂಟಿಸ್ತದೆ, ಒಂದು ಕಿಲೋ ಹೆಣ್ಣು ಲಕ್ಷದಷ್ಟು ಮೊಟ್ಟೆ ಇಡ್ತದೆ. ಕಳೆಯನ್ನು ಕೂಡ್ಲೇ ಬೇರೆ ಟಬ್ಬಿಗೆ ಹಾಕ್ಬೇಕು, ಇರ್ಪೆಯ ಹಾಗಲ್ಲ ಇವು, ತಮ್ಮ ಮೊಟ್ಟೆ ತಾವೇ ತಿಂತವೆ. ಮಣ್ಣಿನ ವಾಸನೆ ಬರ್ತದೆ ಅಂತ ದೂರು ಬಂದ್ರೆ ಅಡುಗೆಗೆ ಮೊದ್ಲು ಎರಡು ಮೂರು ದಿನ ಫೀಡ್ ಇಲ್ಲದೆ ಶುದ್ಧ ನೀರಲ್ಲಿ ಇಡಿ. ಆದ್ರೆ ಇದು ಹೊರಗಿನ ಮೀನು, ತೋಡಿಗೆ ಹೋಗದ ಹಾಗೆ ನೋಡ್ಕೊಳ್ಳುದು ನಿಮ್ಮ ಜವಾಬ್ದಾರಿ. ಮೀನು ತಿನ್ನದ ಮನೆಯವರಿಗೆ ಕೋಯಿ ಸಾಕು, ಅದೂ ಇದೇ ಗೆಂಡೆಯ ಬಣ್ಣದ ತಳಿ, ಬಸಳೆ ಹರಿವೆಗೆ ಗೊಬ್ಬರ ಅದರಿಂದಲೂ ಅಷ್ಟೇ ಸಿಗ್ತದೆ.

ಜೈಂಟ್ ಗೌರಾಮಿ ಕೆಸುವಿನ ಎಲೆ ತಿಂದು ಬೆಳೀತದೆ, ಮೇಲೆ ಬಂದು ಗಾಳಿ ಕುಡಿಯುದ್ರಿಂದ ಕರೆಂಟ್ ಹೋದ್ರೂ ತಡೀತದೆ, ಆದ್ರೆ ಮರಿ ಮಾಡ್ಲಿಕ್ಕೆ ಮೂರು ನಾಲ್ಕು ವರ್ಷ ಕಾಯ್ಬೇಕು. ಮಡೆಂಜಿ ನಮ್ಮದೇ ಮೀನು, ಹಾರ್ತದೆ, ಒಂದನ್ನೊಂದು ತಿಂತದೆ, ಹೊಸಬರಿಗೆ ಬೇಡ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಮುರಕಲ್ಲಿನ ಬಾವಿ ನೀರು ಹೆಚ್ಚಾಗಿ ಹುಳಿ, ಪಿಹೆಚ್ 6ಕ್ಕಿಂತ ಕೆಳಗೆ ಇರುದೂ ಉಂಟು, ಮಳೆಗಾಲದಲ್ಲಿ ಇನ್ನೂ ಇಳೀತದೆ. ಮೀನು, ಗಿಡ, ಮತ್ತೆ ಮೀನಿನ ಕೊಳೆಯನ್ನು ಗಿಡಕ್ಕೆ ಗೊಬ್ಬರ ಮಾಡುವ ಬ್ಯಾಕ್ಟೀರಿಯಾ, ಮೂವರಿಗೂ ಆಗುದು 6.8ರಿಂದ 7.2. ಮರುವಾಯಿ ತಿಂದಾದ ಮೇಲೆ ಚಿಪ್ಪು ಬಿಸಾಡ್ಬೇಡಿ, ತೊಳೆದು ಒಣಗಿಸಿ ಬಲೆ ಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ನೇತು ಹಾಕಿ, ನಿಧಾನಕ್ಕೆ ಕರಗಿ ಪಿಹೆಚ್ ಹಿಡಿದಿಡ್ತದೆ. ಮೀನು ಬಿಡುವ ಮೊದ್ಲು ನಾಲ್ಕೈದು ವಾರ ಬೆಡ್‌ನಲ್ಲಿ ನೀರು ಓಡಿಸಿ ಆ ಬ್ಯಾಕ್ಟೀರಿಯಾ ಬೆಳೀಲಿಕ್ಕೆ ಬಿಡಿ, ಮೀನಿಗೆ ವಿಷವಾಗುವ ಅಮೋನಿಯಾ ಮತ್ತೆ ನೈಟ್ರೈಟ್ ಸೊನ್ನೆಗೆ ಬಂದ ಮೇಲೆಯೇ ಮೀನು. ಸಾವಿರ ಲೀಟರಿಗೆ 40 ಇರ್ಪೆ ಸಾಕು, ಎಲೆ ತರಕಾರಿಗೆ ಒಂದು ಚದರ ಮೀಟರ್ ಬೆಡ್‌ಗೆ ದಿನಕ್ಕೆ 40-50 ಗ್ರಾಂ ಫೀಡ್ ಅಂತ ಲೆಕ್ಕ ಹಿಡೀರಿ.

ಡೌಟ್ ಇದ್ರೆ ಮರಿ ತರುವ ಮೊದ್ಲು ಕೇಳಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದ್ದು. ಉಡುಪಿ ಕಡೆಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ರ. ಮಾರುವವರ ಹತ್ರ ಮೀನಿನ ವೈಜ್ಞಾನಿಕ ಹೆಸರು ಬಿಲ್‌ನಲ್ಲಿ ಬರೆದು ಕೊಡಿ ಅಂತ ಹೇಳಿ, ಬರೀಲಿಕ್ಕೆ ಹಿಂದೆ ಮುಂದೆ ನೋಡಿದ್ರೆ ವಾಪಸ್ ಬನ್ನಿ.

ಮತ್ತೆ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದ್ಲು, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಬಲೆ ಎರಡು ಪದರ ಕಟ್ಟಿ, ಟ್ಯಾಂಕಿನ ಮೇಲೆ ಶೀಟ್ ಹಾಕಿ. ಬಲೆಗೆ ಎಲೆ ಕಟ್ಟಿಕೊಂಡ್ರೆ ನೀರು ಬದಿಯಿಂದ ಚೆಲ್ತದೆ, ಹಾಗಾಗಿ ಮಳೆಗಾಲದಲ್ಲಿ ರಾತ್ರಿ ಮಲಗುವ ಮೊದ್ಲು ಟಾರ್ಚ್ ಹಿಡ್ಕೊಂಡು ಹೋಗಿ ಒಂದು ಸಲ ಕೈ ಹಾಕಿ ಬಾಚಿ ಬನ್ನಿ.