ಗಿರಿ ಇಳಿಯುವ ಮುಂಚೆ ಬ್ರೇಕ್, ಮಳೆ ಹೊಳವಾದ ಮೇಲೆ ಚೈನ್

ಚಿಕ್ಕಮಗಳೂರಿನಲ್ಲಿ ಸೈಕಲ್‌ಗೆ ಯಾವ ಕಾಯಿಲೆ ಬರುತ್ತದೆ ಅನ್ನುವುದು ನೀವು ಬೆಳಗ್ಗೆ ಯಾವ ದಿಕ್ಕಿಗೆ ಹೊರಟಿರಿ ಅನ್ನುವುದನ್ನು ಅವಲಂಬಿಸಿದೆ. ಕಡೂರು ರಸ್ತೆ ಹಿಡಿದು ಸಖರಾಯಪಟ್ಟಣ, ಅಯ್ಯನಕೆರೆ ಕಡೆ ಹೋದರೆ ಬಯಲುಸೀಮೆ, ಜಾಲಿ ಮುಳ್ಳು, ಪಂಚರ್. ಆಲ್ದೂರು, ಮೂಡಿಗೆರೆ ಕಡೆ ತಿರುಗಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರಾಡಿ, ತುಕ್ಕು. ಕೈಮರ ದಾಟಿ ಮುಳ್ಳಯ್ಯನಗಿರಿಯ ದಾರಿ ಹಿಡಿದರಂತೂ ಹತ್ತುವಾಗ ಕಾಲು ಸೋಲುತ್ತದೆ, ಇಳಿಯುವಾಗ ಬ್ರೇಕ್ ಸೋಲುತ್ತದೆ.

ಸೈಕಲ್ ಕೊಂಡ ದಿನ ಅಂಗಡಿಯವರು ‘ಆರು ತಿಂಗಳಿಗೊಂದು ಸರ್ವಿಸ್ ಮಾಡಿಸಿ, ಸಾಕು’ ಅಂದಿರುತ್ತಾರೆ. ಆ ಲೆಕ್ಕ ಆರಿದ್ರಾ ಮಳೆಗೆ ಗೊತ್ತಿಲ್ಲ. ಮಲೆನಾಡಿನ ಅಂಚಿನಲ್ಲಿ ಸೈಕಲ್ ಇಟ್ಟುಕೊಂಡವರು ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ, ನೆನೆದು ಬಂದ ದಿನವೇ ಕೈ ಹಾಕಬೇಕು. ದೊಡ್ಡ ಕೆಲಸವೇನಲ್ಲ. ಅಲೆನ್ ಕೀ ಸೆಟ್ಟು, ಎರಡು ಟೈರ್ ಲಿವರ್, ಹಳೇ ಟೂತ್‌ಬ್ರಷ್, ಸವೆದ ಬನಿಯನ್ನು, ಒಂದು ಕೈಪಂಪು ಇದ್ದರೆ ಮುಕ್ಕಾಲು ಪಾಲು ತೊಂದರೆ ಜಗಲಿಯಲ್ಲೇ ಮುಗಿಯುತ್ತದೆ.

ಮೊದಲು ಬ್ರೇಕ್

ಊರು ಸಮುದ್ರಮಟ್ಟದಿಂದ 1,000 ಮೀಟರಿಗೆ ತುಸು ಮೇಲಿದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್; ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ನಡುವಿನ ಅಂತರ 800 ಮೀಟರಿಗೂ ಹೆಚ್ಚು. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಅಂತಿಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹೊರಬೀಳುವ ಶಕ್ತಿಯಲ್ಲಿ ಎರಡು ಲೀಟರ್ ತಣ್ಣೀರು ಕುದಿಯುತ್ತದೆ. ಗಾಳಿ ಮತ್ತು ಟೈರು ಅದರಲ್ಲಿ ಒಂದಿಷ್ಟು ತಿನ್ನುತ್ತವೆ. ಮಿಕ್ಕಿದ್ದಷ್ಟೂ ಹೆಬ್ಬೆರಳಿನಗಲದ ನಾಲ್ಕು ಪ್ಯಾಡ್‌ಗಳ ತಲೆಗೆ. ಹಾಗಾಗಿ ಗಿರಿಗೆ ಹೊರಡುವ ಹಿಂದಿನ ರಾತ್ರಿ ಬ್ರೇಕ್ ನೋಡದೆ ಮಲಗಬೇಡಿ.

ರಿಮ್ ಹಿಡಿಯುವ ವಿ-ಬ್ರೇಕ್ ಇದ್ದರೆ ಹೀಗೆ ಮಾಡಿ. ಲಿವರನ್ನು ಬಲವಾಗಿ ಒತ್ತಿ. ಲಿವರ್‌ಗೂ ಹ್ಯಾಂಡಲ್‌ಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಹ್ಯಾಂಡಲ್‌ಗೇ ತಾಗಿದರೆ ಕೇಬಲ್ ಸಡಿಲವಾಗಿದೆ, ಇಲ್ಲವೇ ಪ್ಯಾಡ್ ಸವೆದಿದೆ. ಲಿವರಿನ ಬಾಯಲ್ಲಿ ಕೇಬಲ್ ಹೊರಬರುವ ಕಡೆ ಒಂದು ತಿರುಪು ಇರುತ್ತದೆ. ಅದನ್ನು ಹೊರಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ. ಆಮೇಲೆ ಅದರ ಪಕ್ಕದ ಲಾಕ್ ರಿಂಗನ್ನು ಕೂರಿಸಲು ಮರೆಯಬೇಡಿ. ಅದನ್ನು ಬಿಟ್ಟರೆ ಅಲುಗಾಟಕ್ಕೆ ತಿರುಪು ತಾನಾಗಿ ಹಿಂದಕ್ಕೆ ಹೋಗುತ್ತದೆ.

ಈಗ ಪ್ಯಾಡಿನ ಮುಖ ನೋಡಿ. ಅದರ ಮೇಲೆ ಅಡ್ಡ ಗೀರುಗಳಿರುತ್ತವೆ. ಗೀರು ಕಾಣದಷ್ಟು ಸವೆದಿದ್ದರೆ ಬದಲಿಸಿ, ಚೌಕಾಸಿ ಬೇಡ. ಸವೆದಿಲ್ಲದಿದ್ದರೂ ಬೆಳಕಿಗೆ ಹಿಡಿದು ನೋಡಿದರೆ ರಬ್ಬರಿನಲ್ಲಿ ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಕೆಲವು ಮರಳಿನ ಕಾಳು, ಕೆಲವು ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯುಮಿನಿಯಂ ಚೂರು. ಮಳೆಗಾಲದಲ್ಲಿ ಬ್ರೇಕ್ ಹಿಡಿದಾಗ ಬರುವ ಕರ್‍ರ್ ಶಬ್ದ ಇವುಗಳದ್ದೇ. ಸೇಫ್ಟಿ ಪಿನ್ನಿನ ತುದಿಯಿಂದ ಒಂದೊಂದಾಗಿ ಕಿತ್ತು ತೆಗೆದು, ಪ್ಯಾಡಿನ ಮೇಲೆ ಉಪ್ಪುಕಾಗದ ಆಡಿಸಿ, ರಿಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಾಡಿಗೆಯಂಥ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಿ. ಇಷ್ಟಕ್ಕೇ ಎಷ್ಟೋ ಸೈಕಲ್‌ಗಳ ಬ್ರೇಕ್ ಹೊಸದರಂತೆ ಹಿಡಿಯುತ್ತದೆ, ಹೊಸ ಪ್ಯಾಡಿನ ದುಡ್ಡೂ ಉಳಿಯುತ್ತದೆ.

ಡಿಸ್ಕ್ ಬ್ರೇಕಿನವರು ಪ್ಯಾಡನ್ನು ಹೊರತೆಗೆದು, ಲೋಹದ ತಗಡಿನ ಮೇಲೆ ಅಂಟಿರುವ ಪದರ ಎಷ್ಟು ಉಳಿದಿದೆ ನೋಡಬೇಕು. ಒಂದು ಮಿಲಿಮೀಟರಿಗೆ ಬಂದಿದ್ದರೆ ಮಾರುಕಟ್ಟೆಗೆ ಹೋಗಿ ಬರಲು ಸಾಕು, ಗಿರಿಗೆ ಸಾಲದು. ಕೇಬಲ್ ಎಳೆಯುವ ಅಗ್ಗದ ಡಿಸ್ಕ್‌ಗಳಲ್ಲಿ ಇನ್ನೊಂದು ಸಂಗತಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಅವುಗಳಲ್ಲಿ ಹೊರಗಿನ ಪ್ಯಾಡ್ ಮಾತ್ರ ಅಲುಗುತ್ತದೆ. ಚಕ್ರದ ಕಡೆಯ ಒಳಪ್ಯಾಡ್ ಸುಮ್ಮನೆ ಕೂತಿರುತ್ತದೆ. ಸವೆದಾಗ ಕೇಬಲ್ ಎಷ್ಟು ಎಳೆದರೂ ಒಳಗಿನದು ಮುಂದೆ ಬರುವುದಿಲ್ಲ, ಡಿಸ್ಕ್ ಒಂದು ಕಡೆಗೆ ಬಾಗುತ್ತದೆ ಅಷ್ಟೆ. ಚಕ್ರದ ಕಡ್ಡಿಗಳ ನಡುವಿನಿಂದ ಅಲೆನ್ ಕೀ ತೂರಿಸಿ ಒಳಪ್ಯಾಡಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಡಿಸ್ಕ್‌ಗೆ ಕೂದಲೆಳೆಯಷ್ಟು ದೂರಕ್ಕೆ ತನ್ನಿ. ಆಮೇಲೆ ಕೇಬಲ್ ಸರಿ ಮಾಡಿ. ಡಿಸ್ಕಿನ ಮೇಲೆ ಎಣ್ಣೆಯ ಒಂದು ಹನಿಯೂ ಬೀಳಬಾರದು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿ ಕೂತ ಎಣ್ಣೆಯನ್ನು ಪ್ಯಾಡ್ ಕುಡಿದುಬಿಟ್ಟರೆ ತೊಳೆದು ಪ್ರಯೋಜನವಿಲ್ಲ.

ಕೇಬಲ್ ಮೇಲೂ ಒಂದು ಕಣ್ಣು ಹಾಯಿಸಿ. ಲಿವರ್ ಒತ್ತಿ ಹಿಡಿದು ಒಳಗೆ ಇಣುಕಿದರೆ ಕೇಬಲ್‌ನ ಗುಂಡು ಕಾಣುತ್ತದೆ. ಅದರ ಬುಡದಲ್ಲಿ ಒಂದೇ ಒಂದು ಎಳೆ ಕಿತ್ತಿದ್ದರೂ ಆ ಕೇಬಲ್ ಬದಲಾಗಬೇಕು.

ಇಳಿಯುವ ರೀತಿಯೂ ಬ್ರೇಕ್ ರಿಪೇರಿಯ ಒಂದು ಭಾಗವೇ. ಮುಳ್ಳಯ್ಯನಗಿರಿ ದಾರಿಯ ಸೀತಾಳಯ್ಯನಗಿರಿಯಿಂದ ಕೆಳಗಿನವರೆಗೂ ಲಿವರನ್ನು ಅರೆಬರೆ ಒತ್ತಿಕೊಂಡೇ ಬರುವವರಿದ್ದಾರೆ. ಹಾಗೆ ಮಾಡಿದರೆ ಪ್ಯಾಡ್‌ಗೆ ಆರಲು ಬಿಡುವೇ ಸಿಗುವುದಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಮುಂದಿನ ತಿರುವಿಗೆ ಮತ್ತೆ ಹಾಗೇ. ರಿಮ್ ಒದ್ದೆಯಾಗಿದ್ದರೆ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಆದ್ದರಿಂದ ಇನ್ನೂ ಮುಂಚೆ ಹಿಡಿಯಬೇಕು. ಕೆಳಗೆ ಬಂದು ನಿಂತ ಕೂಡಲೇ ಡಿಸ್ಕ್ ಮುಟ್ಟಿ ನೋಡುವ ಚಪಲ ಬೇಡ, ಬೆರಳು ಸುಡುತ್ತದೆ. ಶನಿವಾರ, ಭಾನುವಾರ ಪ್ರವಾಸಿಗರ ಜೀಪುಗಳು ತಿರುವಿನಲ್ಲಿ ಇಡೀ ರಸ್ತೆ ತಮ್ಮದೇ ಅನ್ನುವಂತೆ ಬರುತ್ತವೆ. ಬೆಳಕು ಹರಿಯುತ್ತಲೇ ಹತ್ತಿ, ಅವು ಹತ್ತಲು ಶುರು ಮಾಡುವ ಹೊತ್ತಿಗೆ ಇಳಿದಿರುವುದು ಜಾಣತನ. ಮಂಜು ಮುಸುಕಿದ್ದರೆ ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ನೆನೆದು ಬಂದ ಸಂಜೆ

ಮಳೆಯಲ್ಲಿ ಸೈಕಲ್ ಹೊಡೆದು ಬಂದವರು ಮೊದಲು ತಾವು ಸ್ನಾನಕ್ಕೆ ಹೋಗುತ್ತಾರೆ, ಸೈಕಲ್ ಗೋಡೆಗೆ ಒರಗಿರುತ್ತದೆ. ಬೆಳಗಾಗುವಷ್ಟರಲ್ಲಿ ಚೈನ್ ಮೇಲೆ ಕೇಸರಿ ಬಣ್ಣ. ಕಾಲಿಗೆ ಹತ್ತಿದ ಉಂಬಳ ಕಿತ್ತುಕೊಂಡ ಮೇಲೆ ಸೈಕಲ್‌ಗೂ ಹತ್ತು ನಿಮಿಷ ಕೊಡಿ.

ಬಕೆಟ್ ನೀರು, ಮಗ್ಗು ಸಾಕು. ವಾಟರ್ ಸರ್ವಿಸ್‌ಗೆ ಒಯ್ದು ಕಾರು ತೊಳೆಯುವ ಪೈಪಿನಲ್ಲಿ ಹೊಡೆಸುವುದು ಸೈಕಲ್‌ಗೆ ಒಳ್ಳೆಯದಲ್ಲ. ಆ ರಭಸಕ್ಕೆ ನೀರು ಚಕ್ರದ ನಡುವಿನ ಹಬ್‌ನ ಒಳಗೆ, ಪೆಡಲ್ ಅಚ್ಚಿನ ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತದೆ. ಮೇಲಿನಿಂದ ನೀರು ಹೊಯ್ದು ಕೆಸರು ಇಳಿಸಿ, ಬಟ್ಟೆಯಿಂದ ಒರೆಸಿ. ಆಮೇಲೆ ಚೈನು.

ಚೈನ್ ತುಂಬ ಕಪ್ಪಾಗಿದ್ದರೆ ಟೂತ್‌ಬ್ರಷ್ಷನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಅದ್ದಿ ತಿಕ್ಕಿ. ಬನಿಯನ್ ಬಟ್ಟೆಯನ್ನು ಚೈನ್ ಸುತ್ತ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ಪೂರ್ತಿ ಒಣಗಲಿ. ಒದ್ದೆ ಚೈನಿನ ಮೇಲೆ ಎಣ್ಣೆ ಬಿಟ್ಟರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಒಣಗಿದ ಮೇಲೆ ಚೈನಿನ ಒಳಬದಿಗೆ, ಪ್ರತಿ ರೋಲರಿಗೂ ಒಂದೊಂದು ಹನಿ. ಎಣ್ಣೆ ಬೇಕಾದದ್ದು ರೋಲರಿನ ಒಳಗೆ, ಹೊರಗೆ ಮಿನುಗುವುದಕ್ಕಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನು ನಿರ್ದಾಕ್ಷಿಣ್ಯವಾಗಿ ಒರೆಸಿ ತೆಗೆಯಿರಿ. ಮುಟ್ಟಿದರೆ ಬೆರಳಿಗೆ ಹತ್ತೀ ಹತ್ತದಂತೆ ಇರಬೇಕು. ಜಿಡ್ಡು ಹೆಚ್ಚಾದಷ್ಟೂ ಮರಳು ಹೆಚ್ಚು ಅಂಟುತ್ತದೆ, ಮರಳು ಅಂಟಿದಷ್ಟೂ ಚೈನ್ ಬೇಗ ಸವೆಯುತ್ತದೆ.

ಎಣ್ಣೆ ಯಾವುದು? ಮಳೆಗಾಲಕ್ಕೆ ವೆಟ್ ಲೂಬ್ ಅಂತ ಕೇಳಿ ತನ್ನಿ, ಬೇಸಿಗೆಗೆ ಡ್ರೈ ಲೂಬ್. ತುಕ್ಕು ಬಿಡಿಸುವ ಸ್ಪ್ರೇ ತುಕ್ಕು ಬಿಡಿಸುವುದಕ್ಕೆ ಸರಿ. ಅದರ ಜಾರುತನ ಹೆಚ್ಚು ದೂರ ಬಾಳುವುದಿಲ್ಲ. ಬೈಕಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಇನ್ನು ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ! ಅದು 24 ಡಿಗ್ರಿ ಆಸುಪಾಸಿಗೆ ಗಟ್ಟಿಯಾಗುವ ಎಣ್ಣೆ. ನಮ್ಮೂರಿನ ಡಿಸೆಂಬರ್ ಬೆಳಗಿನಲ್ಲಿ ತಲೆಗೆ ಹಚ್ಚಿಕೊಳ್ಳುವುದಕ್ಕೇ ಬಾಟಲಿ ಬಿಸಿಲಿಗಿಡಬೇಕು.

ಚೈನ್ ಸವೆದಿದೆಯೇ ಅಂತ ತಿಳಿಯಲು ಮಕ್ಕಳ ಜಾಮಿಟ್ರಿ ಬಾಕ್ಸಿನ 12 ಇಂಚಿನ ಸ್ಕೇಲೇ ಸಾಕು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ, ಹೊಸ ಚೈನಿನಲ್ಲಿ 12 ಇಂಚಿನ ಗೆರೆ ಸರಿಯಾಗಿ ಇನ್ನೊಂದು ಪಿನ್ನಿನ ನಡುವೆ ಬೀಳುತ್ತದೆ. ಆ ಪಿನ್ನು ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ದಾಟಿದರೆ ಹಿಂದಿನ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದಿರುತ್ತವೆ, ಹೊಸ ಚೈನ್ ಹಾಕಿದರೂ ಏರಿನಲ್ಲಿ ಟಕ್ಕಂತ ಜಾರುತ್ತದೆ. ಆಗ ಆ ಹಲ್ಲುಗಳಿರುವ ಕ್ಯಾಸೆಟ್ ಅಥವಾ ಫ್ರೀವೀಲಿನ ಖರ್ಚೂ ಸೇರುತ್ತದೆ. ಚೈನ್ ಒಂದನ್ನೇ ಸಕಾಲಕ್ಕೆ ಬದಲಿಸುವುದು ಅಗ್ಗ.

ಜಡಿಮಳೆಯಲ್ಲಿ ನೆನೆದಿದ್ದರೆ ಸೀಟ್ ಕಂಬ ಕಿತ್ತು, ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಫ್ರೇಮಿನೊಳಗೆ ನಿಂತ ನೀರು ಸುರಿಯುವುದು ಕಂಡು ಎಷ್ಟೋ ಜನ ದಂಗಾಗುತ್ತಾರೆ.

ಜಾಲಿ ಮುಳ್ಳಿನ ದಾರಿಯಲ್ಲಿ

ಪಂಚರ್ ಹಾಕುವುದು ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ. ಆದರೂ ಒಂದೇ ಮುಳ್ಳಿಗೆ ಎರಡು ಸಲ ಪಂಚರ್ ಆಗುವವರು ಹೆಚ್ಚು. ಕಾರಣ ಇಷ್ಟೇ, ಟ್ಯೂಬಿಗೆ ತೇಪೆ ಹಾಕುತ್ತಾರೆ, ಟೈರಿನೊಳಗಿನ ಮುಳ್ಳು ತೆಗೆಯುವುದಿಲ್ಲ.

1. ಗಾಳಿ ಪೂರ್ತಿ ಬಿಟ್ಟು, ವಾಲ್‌ನ ಎದುರು ಬದಿಯಿಂದ ಲಿವರ್ ಹಾಕಿ ಟೈರಿನ ಒಂದು ಅಂಚು ಮಾತ್ರ ಬಿಡಿಸಿ. ಸ್ಕ್ರೂಡ್ರೈವರ್ ಬೇಡ, ಅದು ಇನ್ನೊಂದು ತೂತು ಮಾಡುತ್ತದೆ.

2. ಟ್ಯೂಬ್ ಹೊರತೆಗೆಯುವಾಗ ಅದರ ಯಾವ ಮುಖ ಯಾವ ಕಡೆಗಿತ್ತು ಅನ್ನುವುದು ನೆನಪಿರಲಿ. ಗಾಳಿ ತುಂಬಿ ತೂತು ಹುಡುಕಿ. ವಾಲ್‌ನಿಂದ ತೂತು ಎಷ್ಟು ದೂರವೋ ಟೈರಿನಲ್ಲಿ ಮುಳ್ಳೂ ಅಷ್ಟೇ ದೂರದಲ್ಲಿರುತ್ತದೆ.

3. ಟೈರಿನ ಒಳಗೆ ಬರಿಗೈ ಆಡಿಸಬೇಡಿ, ಬಟ್ಟೆ ಆಡಿಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹೆದ್ದಾರಿಯಲ್ಲಿ ಮುಳ್ಳಿಗಿಂತ ಕಳ್ಳ ಇನ್ನೊಬ್ಬನಿದ್ದಾನೆ: ಲಾರಿ ಟೈರು ಒಡೆದಾಗ ಚೆಲ್ಲುವ ಕೂದಲಿನಂಥ ಉಕ್ಕಿನ ತಂತಿ.

4. ತೂತಿನ ಸುತ್ತ ಉಪ್ಪುಕಾಗದ ಹಾಕಿ ತಿಕ್ಕಿ, ಸೊಲ್ಯೂಷನ್ ತೆಳ್ಳಗೆ ಸವರಿ, ಕಾಯಿರಿ. ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಬರದಂತೆ ಆದ ಮೇಲೆ ತೇಪೆ ಒತ್ತಿ. ಹಸಿಯಾಗಿರುವಾಗಲೇ ಅಂಟಿಸಿದ ತೇಪೆ ಮುಂದಿನ ಊರಿನವರೆಗೂ ಬಾಳುವುದಿಲ್ಲ.

ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಿದ್ದರೆ ಮುಳ್ಳು ಹುಡುಕಬೇಡಿ. ಗಾಳಿ ಕಡಿಮೆಯಿದ್ದು, ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿದೆ. ತೂತು ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತಲೆ ಚುಚ್ಚುತ್ತಿರಬಹುದು.

ಮಳೆಯಲ್ಲಿ ಮಾತ್ರ ಈ ನಾಲ್ಕನೇ ಹೆಜ್ಜೆ ಕೈಕೊಡುತ್ತದೆ. ಒದ್ದೆ ಟ್ಯೂಬಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ, ಕಾಫಿ ತೋಟದ ಬೇಲಿ ಪಕ್ಕ ಛತ್ರಿ ಹಿಡಿದು ನಿಂತರೂ ಹಿಡಿಯುವುದಿಲ್ಲ. ಸ್ಪೇರ್ ಟ್ಯೂಬ್ ಒಂದು ಸೀಟಿನಡಿ ಇರಲಿ, ಹಳೆಯದಕ್ಕೆ ಮನೆಗೆ ಬಂದು ತೇಪೆ ಹಾಕಿ. ರೋಡ್ ಸೈಕಲ್‌ಗಳ ಸಣ್ಣ ಪ್ರೆಸ್ಟಾ ವಾಲ್‌ಗೆ ರಸ್ತೆಬದಿಯ ಪಂಚರ್ ಅಂಗಡಿಯ ಪೈಪು ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ವಾಲ್‌ಗೇ ಹಾಕಿಟ್ಟರೆ ಕೂರುತ್ತದೆ. ಎಷ್ಟು ಪಿಎಸ್‌ಐ ಗಾಳಿ ಅನ್ನುವುದು ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ಒದ್ದೆ ರಸ್ತೆಗೆ ಅದರಲ್ಲಿ ಹೇಳಿದ ಗರಿಷ್ಠಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಹಿಡಿತ ಚೆನ್ನಾಗಿರುತ್ತದೆ.

ಗೇರ್ ಮತ್ತು ಅಂಗಡಿ

ಗೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಕೆಡಿಸುವವರೇ ಹೆಚ್ಚು. ಹಿಂದೆ ದೊಡ್ಡ ಹಲ್ಲಿಗೆ ಚೈನ್ ಹತ್ತಲು ತಡವರಿಸಿದರೆ, ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೈಲರ್‌ಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು ಗಡಿಯಾರಕ್ಕೆ ಎದುರಾಗಿ ಕಾಲು ಸುತ್ತು ತಿರುಗಿಸಿ ನೋಡಿ. ಚಿಕ್ಕ ಹಲ್ಲಿಗೆ ಇಳಿಯಲು ತಡವಾದರೆ ಗಡಿಯಾರದ ದಿಕ್ಕಿಗೆ. ‘ಎಚ್’, ‘ಎಲ್’ ಅಂತ ಬರೆದ ಎರಡು ಸ್ಕ್ರೂಗಳ ತಂಟೆಗೆ ಹೋಗಬೇಡಿ. ‘ಎಲ್’ ಸಡಿಲವಾದರೆ ಚೈನ್ ಚಕ್ರದ ಕಡ್ಡಿಗಳೊಳಗೆ ಬೀಳುತ್ತದೆ. ಸೈಕಲ್ ಬಲಮಗ್ಗುಲಾಗಿ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ತಿರುಪಿನಿಂದ ಸರಿಹೋಗದು. ಡಿರೈಲರ್ ನೇತಾಡುವ ಹ್ಯಾಂಗರ್ ಬಾಗಿರುತ್ತದೆ. ಒಂದು ಸೈಕಲಿನ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದು ಅಪರೂಪ. ನಿಮ್ಮ ಮಾಡೆಲಿನದ್ದೊಂದು ತರಿಸಿಟ್ಟುಕೊಳ್ಳಿ.

ಊರಿನ ಹಳೇ ಸೈಕಲ್ ಶಾಪಿನವರ ಕೈಯಲ್ಲಿ ರಿಮ್ಮಿನ ಬೆಂಡ್ ತೆಗೆಯುವ, ಹಬ್‌ನ ಗುಂಡು ಬದಲಿಸಿ ಗ್ರೀಸ್ ತುಂಬುವ ಹದ ಇದೆ. ಹೊಸ ಷೋರೂಮಿನ ಹುಡುಗರಿಗೆ ಅದು ಅಷ್ಟು ಸುಲಭಕ್ಕೆ ಬರುವುದಿಲ್ಲ. ಈ ಎರಡು ಕೆಲಸಕ್ಕೆ ಕಣ್ಣುಮುಚ್ಚಿಕೊಂಡು ಅಲ್ಲಿಗೇ ಕೊಡಿ. ಕೊಡುವಾಗ ‘ಗಾಡಿ ಸರಿಯಿಲ್ಲ ಅಣ್ಣಾ’ ಅನ್ನುವ ಬದಲು ಎಲ್ಲಿ, ಯಾವಾಗ, ಎಂಥ ಶಬ್ದ ಅಂತ ಹೇಳಿ: ತುಳಿಯುವಾಗ ಮಾತ್ರವೋ, ತುಳಿಯದೆ ಬಿಟ್ಟಾಗಲೂ ಇದೆಯೋ. ತುಳಿಯುವಾಗ ಮಾತ್ರ ಬಂದರೆ ಪೆಡಲ್, ಅಚ್ಚು, ಚೈನ್ ಕಡೆ. ಬಿಟ್ಟಾಗಲೂ ಬಂದರೆ ಚಕ್ರದ ಕಡೆ. ಅವರ ಅರ್ಧ ದಿನ ಉಳಿಯುತ್ತದೆ. ಪೆಡಲ್ ನೀವೇ ಬಿಚ್ಚುವುದಾದರೆ ಎಡಗಡೆಯದರ ಮರೆ ಉಲ್ಟಾ ಅನ್ನುವುದು ಗೊತ್ತಿರಲಿ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ.

ಹೈಡ್ರಾಲಿಕ್ ಬ್ರೇಕಿನ ಆಯಿಲ್ ಬದಲಿಸುವುದನ್ನು ಮಾತ್ರ ಅದರ ಕಿಟ್ ಇರುವವರ ಬಳಿಯೇ ಮಾಡಿಸಿ. ಯಾವ ಆಯಿಲ್ ಅನ್ನುವುದು ಸಾಮಾನ್ಯವಾಗಿ ಲಿವರಿನ ಮೇಲೇ ಬರೆದಿರುತ್ತದೆ, ಎದುರಿಗೇ ನಿಂತು ಓದಿ ತೋರಿಸಿ. ಮಿನರಲ್ ಆಯಿಲ್ ಕೇಳುವ ಬ್ರೇಕಿಗೆ ಮೋಟಾರ್‌ಬೈಕಿನ ಡಾಟ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲು ಊದಿಕೊಳ್ಳುತ್ತದೆ, ಲಿವರ್ ಸಮೇತ ಹೊಸದೇ ಹಾಕಿಸಬೇಕಾಗುತ್ತದೆ.