ಕ್ರ್ಯಾಂಕ್ ಒಳಗೆ ಮುರಿದ ಬೋಲ್ಟ್ ತೆಗೆಯೋದು

ದಾವಣಗೆರೆಯಲ್ಲಿ ಭತ್ತದ ಕೊಯ್ಲು ಶುರುವಾದರೆ ನಮ್ಮ ಗ್ಯಾರೇಜಿಗೆ ಟ್ರ್ಯಾಕ್ಟರ್‌ಗಳ ಸಾಲು. ಕ್ರ್ಯಾಂಕ್ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ತುದಿಗೆ ಪುಲ್ಲಿಯನ್ನು ಹಿಡಿದಿಡುವ ಬೋಲ್ಟಿನ ತಲೆ ಕಿತ್ತು, ಉಳಿದ ತುಂಡು ಕ್ರ್ಯಾಂಕ್ ಒಳಗೇ ನಿಂತಿರುತ್ತದೆ. ಗಾಬರಿ ಬೇಡ. ತಲೆ ಹೋದ ಮೇಲೆ ಬಿಗಿತವೂ ಹೋಗಿರುತ್ತದೆ, ಅಲ್ವಾ? ತುಕ್ಕು ಹಿಡಿಯದಿದ್ದರೆ ಎಷ್ಟೋ ಸಲ ಸಡಿಲವಾಗೇ ಇರುತ್ತದೆ.

ಮೊದಲು ಬ್ಯಾಟರಿ ವೈರ್ ಬಿಚ್ಚಿ, ಫ್ಲೈವೀಲ್ ತಿರುಗದಂತೆ ಲಾಕ್ ಮಾಡಿ. ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಥ್ರೆಡ್ ಯಾವ ಕಡೆಯದು ನೋಡಿಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಉಲ್ಟಾ ಇರುತ್ತದೆ, ಬಿಚ್ಚೋ ದಿಕ್ಕೂ ಉಲ್ಟಾ.

ತುಂಡಿನ ತುದಿ ಹೊರಗೆ ಕಾಣುತ್ತಿದ್ದರೆ ಡ್ರಿಲ್ ಮುಟ್ಟಲೇಬೇಡಿ. ಮೇಲೊಂದು ನಟ್ ಇಟ್ಟು ಅದರ ತೂತಿನೊಳಗೆ ವೆಲ್ಡ್ ತುಂಬಿಸಿ. ವೆಲ್ಡಿಂಗ್ ಮೆಷಿನ್ನಿನ ಅರ್ತ್ ಕ್ಲಾಂಪ್ ಕ್ರ್ಯಾಂಕಿಗೇ ಹಾಕಿ. ಎಂಜಿನ್ ಬ್ಲಾಕಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಸುಡಬಹುದು. ಆಯಿಲ್ ಸೀಲ್ ಮೇಲೆ ಒದ್ದೆ ಬಟ್ಟೆ ಇರಲಿ. ಕೆಂಪು ಹೋಗಿ ಕಪ್ಪಾದ ಮೇಲೆ ಸ್ಪ್ಯಾನರ್ ಹಾಕಿ, ಹಿಂದೆ ಮುಂದೆ ಆಡಿಸುತ್ತ ಬಿಚ್ಚಿ.

ಆಳದಲ್ಲಿ ಮುರಿದಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಕೋಬಾಲ್ಟ್ ಬಿಟ್‌ನಲ್ಲಿ ನಿಧಾನಕ್ಕೆ ಎಣ್ಣೆ ಬಿಡುತ್ತ ಕೊರೆಯಿರಿ. ಥ್ರೆಡ್ ಉಲ್ಟಾ ಅಲ್ಲದಿದ್ದರೆ, ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬಂದರೂ ಬಂತು. ಈಜಿ ಔಟ್ (ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯೋ ಸಾಧನ) ಮೇಲೆ ನನಗೆ ನಂಬಿಕೆ ಕಮ್ಮಿ. ಅದು ಒಳಗೆ ಮುರಿದರೆ ಆ ಗಟ್ಟಿ ಉಕ್ಕಿಗೆ ಸಾದಾ ಬಿಟ್ ಇಳಿಯೋದಿಲ್ಲ. ಕೊನೆಗೆ ಹೊಸ ಬೋಲ್ಟನ್ನೇ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ.