ಹಳೇ ಆರ್‌ಎಕ್ಸ್ 100 ಮನೆಯಲ್ಲೇ ರೆಡಿ ಮಾಡುವುದು: ಪೇಂಟಿಗೆ ಕೊಡುವ ಮೊದಲು ಎಂಜಿನ್ ಗಾಳಿ ಹಿಡಿಯುತ್ತಾ ನೋಡಿ

ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ಕೈಗೆ ಸಿಕ್ಕ ತಕ್ಷಣ ಎಲ್ಲರಿಗೂ ಬರುವ ಆಸೆ ಒಂದೇ. ಟ್ಯಾಂಕ್ ಬಿಚ್ಚಿ ಪೇಂಟಿಗೆ ಕೊಡೋಣ, ರಿಮ್ಮಿಗೆ ಕ್ರೋಮ್ ಮಾಡಿಸೋಣ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ನಾನು ಹಾಗೇ ಮಾಡಿದ್ದೆ. ಅಪ್ಪನ 1991ರ ಗಾಡಿ, ಹನುಮಂತನಗರದ ನಮ್ಮ ಮನೆ ಮೆಟ್ಟಿಲ ಕೆಳಗೆ ಒಂಬತ್ತು ವರ್ಷ ನಿಂತಿತ್ತು. ಪೇಂಟ್ ಆಯ್ತು, ಕ್ರೋಮ್ ಆಯ್ತು, ಹೊಸ ಬೋರ್ (ಸಿಲಿಂಡರಿನ ಒಳಗೋಡೆ ಕೊರೆಸುವುದು), ಹೊಸ ಪಿಸ್ಟನ್ ಎಲ್ಲ ಆಯ್ತು. ಪಿಸ್ಟನ್ನಿನಿಂದ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ (ರಬ್ಬರ್ ಬಳೆ) ಮಾತ್ರ ಹಳೆಯದೇ ಉಳಿಯಿತು, ಯಾಕೆಂದರೆ ಅದು ಹೊರಗೆ ಕಾಣುವುದಿಲ್ಲ. ಮುನ್ನೂರು ಕಿಲೋಮೀಟರ್ ಓಡಿರಬೇಕು. ದೇವನಹಳ್ಳಿ ದಾಟಿ ನಂದಿ ಕಡೆ ಹೋಗುವಾಗ ಎಂಜಿನ್ ಸದ್ದು ತೆಳುವಾಯಿತು, ಒಂದು ಕ್ಷಣ ಜಾಸ್ತಿ ಜೋರಾಗಿ ಓಡಿದ ಹಾಗೆ ಅನ್ನಿಸಿತು, ಆಮೇಲೆ ಹಿಂದಿನ ಚಕ್ರ ಕಚ್ಚಿ ನಿಂತುಬಿಟ್ಟಿತು. ಪಿಸ್ಟನ್ ಹಿಡಿದುಕೊಂಡಿತ್ತು. ಬಿಚ್ಚಿ ನೋಡಿದಾಗ ಮ್ಯಾಗ್ನೆಟ್ (ಎಡಗಡೆ ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಸೀಲಿನ ರಬ್ಬರ್ ಪ್ಲಾಸ್ಟಿಕ್ ಥರ ಗಟ್ಟಿಯಾಗಿತ್ತು. ಉಗುರಲ್ಲಿ ಒತ್ತಿದರೆ ಚೂರೂ ಒಳಗೆ ಹೋಗಲಿಲ್ಲ.

ಯಾಕೆ ಹೀಗಾಗುತ್ತೆ ಅಂದರೆ, ಈ ಗಾಡಿಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೇ (ಕ್ರ್ಯಾಂಕ್ ಕೂತಿರುವ ಪೆಟ್ಟಿಗೆ) ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬುರೇಟರ್ ಕಡೆಯಿಂದ ರೀಡ್ ವಾಲ್ವ್ (ಒಂದೇ ಕಡೆ ತೆರೆಯುವ ತೆಳು ಎಲೆ) ಮೂಲಕ ಗಾಳಿ, ಪೆಟ್ರೋಲು, ಆಯಿಲು ಮೂರೂ ಕ್ರ್ಯಾಂಕ್ ಕೇಸಿನ ಒಳಗೆ ಬರುತ್ತವೆ. ಪಿಸ್ಟನ್ ಕೆಳಗೆ ಬಂದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತೆ. ಈ ಪಂಪಿನಲ್ಲಿ ಎಲ್ಲೇ ಸಣ್ಣ ತೂತಿದ್ದರೂ ಬರೀ ಗಾಳಿ ಎಳೆದುಕೊಳ್ಳುತ್ತೆ, ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗುತ್ತೆ, ಶಾಖ ಏರುತ್ತೆ, ಪಿಸ್ಟನ್ನಿಗೂ ಬೋರಿಗೂ ಮಧ್ಯೆ ಇರುವ ಆಯಿಲ್ ಪದರ ಹೋಗುತ್ತೆ. ಬಲಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಕಥೆ ಬೇರೆ. ಆಗ ಗೇರ್ ಆಯಿಲನ್ನೇ ಎಳೆದು ಸುಡುತ್ತೆ. ದಟ್ಟ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಬಾಕ್ಸಿನ ಆಯಿಲ್ ಕಾರಣವಿಲ್ಲದೆ ಕಮ್ಮಿಯಾಗುತ್ತಾ ಹೋಗುತ್ತೆ. ಹೊಗೆ ನೋಡಿ ಸುಮ್ನೆ ರಿಂಗ್ ಬದಲಾಯಿಸುವವರು ಬಹಳ ಜನ. ಮೊದಲು ಗೇರ್ ಆಯಿಲ್ ಅಳೆಯಿರಿ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿ. ಈ ಗಾಡಿ 1985ರಿಂದ 1996ರವರೆಗೆ ಬಂದಿದ್ದು, ಹಾಗಾಗಿ ಪ್ರತಿಯೊಂದಕ್ಕೂ 15 ವರ್ಷದ ಆರ್‌ಸಿ ಅವಧಿ ಯಾವತ್ತೋ ಮುಗಿದಿದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಆಗಿದೆಯಾ, ಎಂಜಿನ್ ಮತ್ತು ಚಾಸಿ ನಂಬರ್ ಆರ್‌ಸಿಯ ಜೊತೆ ಅಕ್ಷರ ಬಿಡದಂತೆ ಹೊಂದುತ್ತಾ ನೋಡಿಕೊಳ್ಳಿ. ಬೇರೆ ಗಾಡಿಯ ಎಂಜಿನ್ ಕೂರಿಸಿದ್ದರೆ ನೀವು ಎಷ್ಟು ಚೆನ್ನಾಗಿ ರೆಡಿ ಮಾಡಿದರೂ ಆರ್‌ಟಿಓದಲ್ಲಿ ನಿಲ್ಲುತ್ತೆ. ಬಣ್ಣವೂ ಆರ್‌ಸಿಯಲ್ಲಿ ಬರೆದಿರುತ್ತೆ, ಬದಲಾಯಿಸುವ ಯೋಚನೆ ಇದ್ದರೆ ಅದು ನೆನಪಿರಲಿ.

ಬಿಚ್ಚುವಾಗ ಒಂದು ವಿಷಯದಲ್ಲಿ ಕಂಜೂಸ್ ಮಾಡಬೇಡಿ. ಜಪಾನಿ ಡಿಸೈನಿನ ಈ ಎಂಜಿನ್ನಿನ ಪ್ಲಸ್ ಸ್ಕ್ರೂಗಳ ತಲೆ ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಜಪಾನಿ ಅಳತೆ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ದುಂಡಾಗುತ್ತೆ, ಆಮೇಲೆ ಡ್ರಿಲ್ ಮಾಡಬೇಕು. ಎಸ್‌ಜೆಪಿ ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಹುಡುಕಿ ಜೆಐಎಸ್ ಬಿಟ್ಟು ಮತ್ತು ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮ್ಯಾಗ್ನೆಟ್ ತೆಗೆಯಲು ಅದರದ್ದೇ ಪುಲ್ಲರ್ ಬೇಕು. ಸುತ್ತಿಗೆ, ಉಳಿ ಹಾಕಿ ಎಬ್ಬಿಸಲು ಹೋದರೆ ಕ್ರ್ಯಾಂಕ್ ಸೊಟ್ಟಗಾಗುತ್ತೆ. ಪ್ರತಿ ಹಂತದಲ್ಲೂ ಫೋನಲ್ಲಿ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಮೇಲೆ ಹೆಸರು ಬರೆಯಿರಿ.

ಈಗ ಮುಖ್ಯ ಕೆಲಸ. ಎಂಜಿನ್ ಪೂರ್ತಿ ಬಿಚ್ಚುವ ಮೊದಲೇ ಗಾಳಿ ಟೆಸ್ಟ್ ಮಾಡಿ, ಜೋಡಿಸಿದ ಮೇಲೆ ಮತ್ತೊಮ್ಮೆ ಮಾಡಿ. ಇದಕ್ಕೆ ಮನೆಯಲ್ಲಿರುವ ಬಿಪಿ ಮೆಷಿನ್ ಸಾಕು. ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್, ಮುಳ್ಳಿನ ಡಯಲ್ ಇರುತ್ತಲ್ಲ, ಅದು. ಕಾರ್ಬುರೇಟರ್, ಸೈಲೆನ್ಸರ್ ಎರಡನ್ನೂ ತೆಗೆಯಿರಿ. ಹಳೇ ಟ್ಯೂಬ್ ಕತ್ತರಿಸಿ ರಬ್ಬರ್ ತುಂಡು ಮಾಡಿ ಎರಡೂ ಬಾಯಿಗೆ ಇಟ್ಟು, ಮೇಲೆ ದಪ್ಪ ತಗಡು ಕೊಟ್ಟು ಬಿಗಿಯಾಗಿ ಮುಚ್ಚಿ. ಒಂದು ಹಾಳಾದ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಸಣ್ಣ ಪೈಪ್ ಕೂರಿಸಿ ಎಂ-ಸೀಲ್ ಮೆತ್ತಿ ಒಂದು ದಿನ ಒಣಗಲು ಬಿಡಿ. ಅದನ್ನು ಪ್ಲಗ್ ಜಾಗಕ್ಕೆ ಹಾಕಿ, ಬಿಪಿ ಮೆಷಿನ್ನಿನ ಟ್ಯೂಬ್ ಅದಕ್ಕೆ ಸಿಕ್ಕಿಸಿ. ಪಿಸ್ಟನ್ ಪೂರ್ತಿ ಕೆಳಗಿರಬೇಕು, ಆಗ ಪೋರ್ಟುಗಳು (ಸಿಲಿಂಡರ್ ಗೋಡೆಯ ಕಿಂಡಿಗಳು) ತೆರೆದು ಮೇಲಿನ ಗಾಳಿ ಕ್ರ್ಯಾಂಕ್ ಕೇಸಿಗೂ ಹೋಗುತ್ತೆ. ಬಲ್ಬ್ ಒತ್ತುತ್ತಾ ಮುಳ್ಳು 300ಕ್ಕೆ ಬರುವವರೆಗೆ ಗಾಳಿ ತುಂಬಿ. 300 ಮಿಲಿಮೀಟರ್ ಪಾದರಸ ಅಂದರೆ 6 ಪಿಎಸ್‌ಐಗಿಂತ ಸ್ವಲ್ಪ ಕಮ್ಮಿ, ಟೂ ಸ್ಟ್ರೋಕ್ ಪರೀಕ್ಷೆಗೆ ಬೇಕಾಗಿರುವುದೂ ಅಷ್ಟೇ. ಟೈರಿಗೆ ಗಾಳಿ ಹೊಡೆಯುವ ಪಂಪ್ ಹಾಕಬೇಡಿ, ಒತ್ತಡ ಜಾಸ್ತಿಯಾದರೆ ಚೆನ್ನಾಗಿರುವ ಸೀಲೂ ಜಾಗ ಬಿಟ್ಟು ಹೊರಗೆ ಬರುತ್ತೆ.

ಆರು ನಿಮಿಷ ಕಾಯಿರಿ. ಮುಳ್ಳು ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ಇಳಿಯುತ್ತಿದ್ದರೆ ಸೋಪಿನ ನೀರು, ಹಳೇ ಬ್ರಷ್ ತಗೊಂಡು ಒಂದೊಂದೇ ಜಾಗಕ್ಕೆ ಹಚ್ಚಿ. ಮೊದಲು ನೀವೇ ಮುಚ್ಚಿದ ಎರಡು ಬಾಯಿ ನೋಡಿ, ಆಮೇಲೆ ಹೆಡ್ಡು, ಸಿಲಿಂಡರಿನ ಬುಡ, ರೀಡ್ ವಾಲ್ವ್ ಕೂತಿರುವ ಜಾಗ, ಮ್ಯಾಗ್ನೆಟ್ ಹಿಂದಿನ ಸೀಲು. ಗುಳ್ಳೆ ಬಂದ ಕಡೆ ತೂತಿದೆ. ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೇರ್ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಸೋಪಿನ ನೀರಿನ ಪರದೆ ಎಳೆಯಿರಿ. ಪರದೆ ನಿಧಾನವಾಗಿ ಉಬ್ಬಿದರೆ ಗಾಳಿ ಗೇರ್ ಬಾಕ್ಸಿಗೆ ಹೋಗುತ್ತಿದೆ ಎಂದರ್ಥ. ನನ್ನ ಗಾಡಿಯಲ್ಲಿ ಎರಡನೇ ಸಲ ಈ ಟೆಸ್ಟ್ ಮಾಡಿದಾಗ ಹೊಸ ಸೀಲ್ ಹಾಕಿದ ಮೇಲೂ ಮುಳ್ಳು ಇಳಿಯುತ್ತಿತ್ತು. ರೀಡ್ ವಾಲ್ವ್ ಹತ್ತಿರದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು, ಅಲ್ಲಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅದು ಸಿಕ್ಕದೆ ಇದ್ದಿದ್ದರೆ ಇನ್ನೊಂದು ಪಿಸ್ಟನ್ ಹೋಗುತ್ತಿತ್ತು.

ಕ್ರ್ಯಾಂಕ್ ಪರೀಕ್ಷೆ ಸುಲಭ. ಸಿಲಿಂಡರ್ ತೆಗೆದ ಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆಯಿರಿ. ಟಕ್ ಅಂತ ಆಟ ಕಂಡರೆ ಬೇರಿಂಗ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಅದಕ್ಕೆ ಹೆದರಬೇಡಿ. ಕ್ರ್ಯಾಂಕ್ ಬಿಚ್ಚಿ ಹೊಸ ರಾಡ್ ಹಾಕಿ ಪ್ರೆಸ್ ಮಾಡುವ ಕೆಲಸ ಮನೆಯದಲ್ಲ. ಜೆಸಿ ರೋಡಿನ ಸುತ್ತಮುತ್ತ ಲೇತ್ ಅಂಗಡಿಗಳಿವೆ, ಅಲ್ಲಿ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ನೇರ ಇದೆಯಾ ಅಂತ ನಿಮ್ಮೆದುರೇ ತೋರಿಸುವ ಅಂಗಡಿಗೆ ಕೊಡಿ. ತೋರಿಸಲು ಬೇಜಾರು ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಬೋರ್ ಮಾಡಿಸುವಾಗಲೂ ಹಾಗೇ. ಈ ಎಂಜಿನ್ನಿನ ಬೋರು 50 ಮಿಲಿಮೀಟರ್, ಸ್ಟ್ರೋಕೂ 50, ಒಟ್ಟು 98 ಸಿಸಿ. ಪಿಸ್ಟನ್ ಮೊದಲು ಕೊಂಡು ಅದನ್ನೂ ಸಿಲಿಂಡರಿನ ಜೊತೆಗೇ ಕೊಡಿ, ಆ ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಬರೀ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಅಂತ ಬಾಯಲ್ಲಿ ಹೇಳಿ ಬಂದರೆ ಗ್ಯಾಪ್ ಸರಿಯಾಗಿ ಬರುವುದಿಲ್ಲ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತೆ. ಆ ಅಂಚನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಲೇಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತೆ. ಬೆರಳು ಒಳಗೆ ಹಾಕಿ ಸವರಿ ನೋಡಿ, ಚರ್ಮಕ್ಕೆ ಕಚ್ಚಬಾರದು. ಮನೆಗೆ ತಂದ ಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿ. ಪೆಟ್ರೋಲಲ್ಲಿ ತೊಳೆದರೆ ಬೋರ್ ಉಜ್ಜಿದಾಗ ಉಳಿದ ಹೋನಿಂಗ್ ಪುಡಿ ಪೂರ್ತಿ ಹೋಗುವುದಿಲ್ಲ. ಹಳೇ ಬಿಳಿ ಪಂಚೆ ತುಂಡಿಗೆ ಸ್ವಲ್ಪ ಆಯಿಲ್ ಹಾಕಿ ಒಳಗೆ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ನನಗೆ ಐದು ಸಲ ಬೇಕಾಯ್ತು. ಬಟ್ಟೆ ಬಿಳಿಯಾಗೇ ಬಂದ ಮೇಲೆ ತಕ್ಷಣ 2ಟಿ (ಟೂ ಸ್ಟ್ರೋಕ್) ಆಯಿಲ್ ಸವರಿಡಿ, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ತುಕ್ಕಿನ ಛಾಯೆ ಬರುತ್ತೆ.

ಪಿಸ್ಟನ್ ಮೇಲಿನ ಬಾಣ ಮುಂದಕ್ಕೆ, ಸೈಲೆನ್ಸರ್ ಕಡೆಗೆ ಇರಬೇಕು. ರಿಂಗಿನ ಬಾಯಿ ಪಿಸ್ಟನ್ನಿನಲ್ಲಿರುವ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ಲಾಕ್ ಹಳೆಯದು ಹಾಕಲೇಬೇಡಿ, ಎಷ್ಟು ಚೆನ್ನಾಗಿ ಕಂಡರೂ ಸರಿ. ಲಾಕ್ ಹಾಕುವ ಮೊದಲು ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿ, ಕೈಜಾರಿ ಬಿದ್ದರೆ ಎಂಜಿನ್ ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತೆ.

ಬಿಡಿಭಾಗಗಳ ಬಗ್ಗೆ ಒಂದು ಮಾತು. ಡೂಪ್ಲಿಕೇಟ್ ಜಾಸ್ತಿ. ಸೈಡ್ ಪ್ಯಾನೆಲ್, ಇಂಡಿಕೇಟರ್, ಸ್ಟಿಕ್ಕರ್ ಡೂಪ್ಲಿಕೇಟ್ ಆದರೂ ಪರವಾಗಿಲ್ಲ, ಗಾಡಿ ಓಡುತ್ತೆ. ಸೀಲು, ಬೇರಿಂಗು, ಪಿಸ್ಟನ್, ರಾಡ್ ಈ ನಾಲ್ಕಕ್ಕೆ ಮಾತ್ರ ಒಳ್ಳೇ ಕಂಪನಿಯದೇ ಹುಡುಕಿ, ಒಂದು ತಿಂಗಳು ಕಾದರೂ ಸರಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ನಿಂಬೆ ಉಪ್ಪು ಒಳ್ಳೇದು. ಲೀಟರ್ ಬಿಸಿನೀರಿಗೆ 50 ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಪೆಟ್ರೋಲ್ ಕಾಕ್ ಮೊದಲೇ ತೆಗೆದು ತೂತು ಮುಚ್ಚಿರಬೇಕು. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಬಿಸಿಲಲ್ಲಿ ಒಣಗಿಸಿ ಒಳಗೆ 2ಟಿ ಆಯಿಲ್ ತಿರುಗಿಸಿ. ಪೇಂಟಿಗೆ ಮೊದಲು ಇದು ಮುಗಿದಿರಲಿ, ಹುಳಿ ನೀರು ಹೊಸ ಬಣ್ಣದ ಮೇಲೆ ಸುರಿದರೆ ಕಲೆ ಬೀಳುತ್ತೆ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನು ಹಾಳು ಮಾಡುತ್ತೆ. ಹಾಗಾಗಿ ಪೆಟ್ರೋಲ್ ಪೈಪ್, ಕಾರ್ಬುರೇಟರಿನ ಎಲ್ಲ ರಬ್ಬರ್ ರಿಂಗ್ ಹೊಸದು ಹಾಕಿ. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಪೈಲಟ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಕ್ರೂ) ಕಟ್ಟಿಕೊಂಡಿದ್ದರೆ ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತೆ. ಕ್ಲೀನರ್ ಸ್ಪ್ರೇ ಹೊಡೆದು ಬೆಳಕಿಗೆ ಹಿಡಿದು ನೋಡಿ.

ಸೈಲೆನ್ಸರ್ ಕತ್ತರಿಸಬೇಡಿ, ದಯವಿಟ್ಟು. ಟೂ ಸ್ಟ್ರೋಕಿನಲ್ಲಿ ಅದರ ಆಕಾರವೇ ಅಲೆಯನ್ನು ವಾಪಸ್ ತಳ್ಳಿ ಹೊಸ ಮಿಶ್ರಣ ಹೊರಗೆ ಹೋಗದಂತೆ ತಡೆಯುತ್ತೆ. ಕತ್ತರಿಸಿದರೆ ಸದ್ದು ಮಾತ್ರ ಜಾಸ್ತಿ, ಎಳೆತ ಕಮ್ಮಿ, ಟ್ರಾಫಿಕ್ ಪೊಲೀಸರ ದಂಡ ಬೇರೆ. ಹಿಂದಿನ ಬೋಲ್ಟ್ ಬಿಚ್ಚಿ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು, ಅದರ ಮೇಲೆ ಕೂತಿರುವ ಕರಿ ಕೆರೆದು ತೆಗೆಯಿರಿ. ಎಷ್ಟೋ ಗಾಡಿ ಎಳೆಯದೇ ಇರುವುದಕ್ಕೆ ಕಾರಣ ಇದೊಂದೇ.

ಬ್ರೇಕ್ ಶೂ, ಕೇಬಲ್, ಕೋನ್ ಸೆಟ್, ಫೋರ್ಕ್ ಸೀಲ್, ಚೈನು, ಟೈರು ಇವೆಲ್ಲ ಬೇರೆ ಯಾವ ಗಾಡಿಗೂ ಇದ್ದ ಹಾಗೇ. ಡ್ರಮ್ಮಿನ ಪುಡಿಯನ್ನು ಮಾತ್ರ ಬಾಯಲ್ಲಿ ಊದಬೇಡಿ, ಹಳೇ ಶೂನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ನಿಗೆ 2ಟಿ ಆಯಿಲ್ ಕಳಿಸುವ ಆಯಿಲ್ ಪಂಪಿನ ಗಾಳಿ ತೆಗೆಯಿರಿ. ಪಂಪಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಕಾಯಿರಿ. ಪಂಪಿನ ಮೇಲೆ ನಂಬಿಕೆ ಬರುವವರೆಗೆ ಮೊದಲ ಎರಡು ಲೀಟರ್ ಪೆಟ್ರೋಲಿಗೂ ಲೀಟರಿಗೆ 25 ಮಿಲಿಲೀಟರ್ 2ಟಿ ಬೆರೆಸಿ. ಹೊಗೆ ಬರುತ್ತೆ, ಬರಲಿ. ಪಕ್ಕದ ಮನೆ ಆಂಟಿಗೆ ಮೊದಲೇ ಹೇಳಿಬಿಡಿ, ಅವರು ಬಟ್ಟೆ ಒಳಗೆ ತಗೊಳ್ಳುತ್ತಾರೆ. ಬಿಸಿಯಾದ ಮೇಲೆ ಆಫ್ ಮಾಡಿ, ಪೂರ್ತಿ ಆರಲು ಬಿಡಿ, ಹೀಗೆ ಮೂರು ಸಲ. ಪೂರ್ತಿ ಆರಿದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿ ನೋಡಿ. ಮೊದಲ 500 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಬೇಡಿ, ಪೂರ್ತಿ ಥ್ರಾಟಲೂ ಬೇಡ. ಮಧ್ಯೆ ಪ್ಲಗ್ ತೆಗೆದು ನೋಡುತ್ತಿರಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಅಲ್ಲೇ ನಿಲ್ಲಿಸಿ ಗಾಳಿ ಎಲ್ಲಿಂದ ಬರುತ್ತಿದೆ ಹುಡುಕಿ.

ಊರು ಬಿಟ್ಟು ಹೋಗುವವರಿಗೆ ಇನ್ನೊಂದು ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಇಲ್ಲಿಗೆ ಸರಿಯಾಗಿ ಚಿಕ್ಕ ಜೆಟ್ ಹಾಕಿ ಟ್ಯೂನ್ ಮಾಡಿದ ಗಾಡಿ ಮಂಗಳೂರಿಗೆ ಇಳಿದಾಗ ಗಾಳಿ ದಟ್ಟವಾಗಿ ಪೆಟ್ರೋಲ್ ಸಾಲದೆ ಬರುತ್ತೆ. ಕರಾವಳಿಗೆ ಹೋಗುವ ಪ್ಲಾನ್ ಇದ್ದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಜೇಬಲ್ಲಿರಲಿ. ಶಿರಾಡಿ ಘಾಟಿಯಲ್ಲಿ ಉದ್ದಕ್ಕೂ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತೆ, ಒಳಗೆ ಹೋಗುವ ಆಯಿಲ್ ಮಾತ್ರ ತೀರಾ ಕಮ್ಮಿ. ಅರ್ಧ ನಿಮಿಷಕ್ಕೊಮ್ಮೆ ಕ್ಲಚ್ ಹಿಡಿದು ಥ್ರಾಟಲ್ ಸ್ವಲ್ಪ ಕೊಟ್ಟು ಬಿಡಿ.